ಹನ್ನೆರಡು ಇಂಚಿನ ಸೀಟು

ಜನವರಿ ೧೮, ಭಾನುವಾರ, ಬೆಳಿಗ್ಗೆ ೭.೧೦. ಚಿಕ್ಕಪ್ಪ ಹಿತ್ತಿಲಲ್ಲಿ ಪೇರಿಸಿದ್ದ ಇಟ್ಟಿಗೆಗಳ ಮೇಲೆ ಕೂತು ಎದ್ದೇಳಲು ನೋಡಿದರು. ಆಗಲಿಲ್ಲ. ಟೇಪು ಹಿಡಿದು ಅಳೆದೆ, ಒಂಬತ್ತು ಇಂಚು. ಇನ್ನೊಂದು ಸಾಲು ಇಟ್ಟಿಗೆ ಇಟ್ಟೆ. ಹನ್ನೆರಡು ಇಂಚಿಗೆ, ಕೊಟ್ಟಿಗೆಯ ಕಂಬ ಹಿಡಿದುಕೊಂಡು, ಹಲ್ಲು ಕಚ್ಚಿ ಎದ್ದರು.

"ಆಯ್ತಲ್ಲ, ಬರ್ಕೊ" ಎಂದರು. ಬರೆದುಕೊಂಡೆ.

ನಾವು ಮೀನು ಹಿಡಿಯಲು ಕಯಾಕ್ ಎಂಬ ಸಣ್ಣ ದೋಣಿ ಕೊಳ್ಳಲು ಹೊರಟದ್ದು ಹೀಗೆ. ಮೊದಲು ಮಂಡಿಯ ಅಳತೆ, ಆಮೇಲೆ ದೋಣಿಯದು.

ಚಿಕ್ಕಪ್ಪ ನನ್ನ ತಂದೆಯ ತಮ್ಮ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಕಬ್ಬು ಬೆಳೆಯುತ್ತಾರೆ. ನಾನು ಮಂಡ್ಯದಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತೇನೆ. ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಇನ್ನು ಮುಂದೆ ಕುಕ್ಕರಗಾಲಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದರೆ ಕೆರೆಗೆ ಹೋಗಬೇಡಿ ಎಂದ ಹಾಗಾಯಿತು, ಡಾಕ್ಟರಿಗೆ ಅದು ಗೊತ್ತಿರಲಿಲ್ಲ ಅಷ್ಟೆ.

ನಾನು ಮೂರನೇ ತರಗತಿಯಲ್ಲಿದ್ದಾಗಿನಿಂದ ಭಾನುವಾರಗಳಂದು ಅವರ ಮೊಪೆಡ್ಡಿನ ಮುಂದೆ ನಿಂತುಕೊಂಡು ಕೆರೆಗೆ ಹೋಗುತ್ತಿದ್ದೆ. ಕೈಯಲ್ಲಿ ಟಿಫನ್ ಡಬ್ಬಿ. ಅದರೊಳಗಿನದು ನಮ್ಮ ತಿಂಡಿಯಲ್ಲ, ಮೀನಿನದು. ರಾತ್ರಿ ಉಳಿದ ರಾಗಿಮುದ್ದೆಗೆ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ, ಬೆರಳಿಗೆ ಅಂಟದ ಹದಕ್ಕೆ ಚಿಕ್ಕಪ್ಪ ನಾದಿರುತ್ತಿದ್ದರು. ಆ ವಾಸನೆ ಈಗಲೂ ನನಗೆ ಭಾನುವಾರದ ವಾಸನೆಯೇ. ಏರಿಯ ಕೆಳಗೆ ಹೊಂಗೆಮರದ ನೆರಳಲ್ಲಿ ಕುಕ್ಕರಗಾಲು ಹಾಕಿ ಕೂತರೆ ಬಿಸಿಲು ನೆತ್ತಿಗೇರುವವರೆಗೂ ಕದಲುತ್ತಿರಲಿಲ್ಲ. ಗಾಳದ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಮೀನು ಮುಟ್ಟಿದ್ದನ್ನು ಬೆರಳಲ್ಲೇ ತಿಳಿಯುತ್ತಿದ್ದರು. ನಾನು ಬಾಯಿ ತೆರೆದರೆ, "ಸುಮ್ಕಿರವ್ವ, ಮೀನ್ಗೂ ಕಿವಿ ಅದೆ" ಎನ್ನುತ್ತಿದ್ದರು. ನನಗೆ ಬೇಜಾರಾಗದಿರಲಿ ಎಂದು ಲೆಕ್ಕದ ಕೆಲಸ ಕೊಟ್ಟರು: ಜಿಲೇಬಿ ಮೀನು ಎಷ್ಟು, ಕಾಟ್ಲಾ ಎಷ್ಟು, ತಪ್ಪಿಸಿಕೊಂಡದ್ದೆಷ್ಟು. ಏನನ್ನೇ ಆಗಲಿ ತಾರೀಖು ಹಾಕಿ ಬರೆದಿಡುವ ನನ್ನ ಚಾಳಿ ಅಲ್ಲಿಂದ ಬಂದದ್ದು. ತಪ್ಪಿಸಿಕೊಂಡವೇ ಯಾವಾಗಲೂ ಜಾಸ್ತಿ.

ಆಪರೇಷನ್ ಆದ ಮೇಲೆ ಒಮ್ಮೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿದ್ದರು. ಇಳಿಜಾರಿನ ಕೆಸರಿನಲ್ಲಿ ಕುರ್ಚಿಯ ಮುಂಗಾಲು ಹೂತು, ಅವರನ್ನು ನೀರಿನತ್ತ ಬಗ್ಗಿಸಿತು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅವರ ವಾರಿಗೆಯವರೊಬ್ಬರು ಕೂಗಿದರಂತೆ: "ಏನ್ಲಾ, ಬೀಗರೂಟಕ್ ಬಂದೋನಂಗೆ ಕುರ್ಚಿ ಹಾಕ್ಕಂಡ್ ಕೂತಿದ್ದೀಯೆ! ಎಲೆ ಯಾವಾಗ ಹಾಕ್ತಾರ್ಲಾ?"

ಅವತ್ತಿನಿಂದ ಗಾಳದ ಕೋಲುಗಳು ಕೊಟ್ಟಿಗೆಯ ಸೂರಿಗೆ ಸೇರಿದವು. ಚಿಕ್ಕಪ್ಪ ಭಾನುವಾರ ಟೀವಿ ಮುಂದೆ ಕೂರತೊಡಗಿದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ದೋಣಿಯ ಯೋಚನೆ ನನ್ನದು. ಕಯಾಕಿನಲ್ಲಿ ಎರಡು ಬಗೆ. ಒಂದರಲ್ಲಿ ಬಿಲಕ್ಕೆ ಇಳಿದಂತೆ ಕಾಲು ತೂರಿಸಿ ಒಳಗೆ ಕೂರಬೇಕು, ಆ ಮಂಡಿಗೆ ಅದು ಆಗದ ಕೆಲಸ. ಇನ್ನೊಂದು ಸುತ್ತಲೂ ಮುಚ್ಚಿದ ಟೊಳ್ಳು ಪ್ಲಾಸ್ಟಿಕ್ಕಿನದು. ಅದರ ಬೆನ್ನ ಮೇಲೆ ಕೂತು ಕಾಲು ಚಾಚಿದರೆ ಆಯಿತು. ಬೆಂಗಳೂರಿನ ಅಂಗಡಿಯವನು ತೆಳ್ಳಗಿನದೊಂದನ್ನು ತೋರಿಸಿ ಬಾಣದ ಹಾಗೆ ಹೋಗುತ್ತದೆ ಎಂದ. ನಮಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಒಂದು ಕಡೆ ಅಲುಗಾಡದೆ ನಿಲ್ಲಬೇಕಾಗಿತ್ತು. ಕೊನೆಗೆ ಹೊಳೆದಂಡೆಯ ರೆಸಾರ್ಟೊಂದು ಬಳಸಿ ಬಿಟ್ಟಿದ್ದ, ಇಬ್ಬರು ಕೂರುವ, ಎಮ್ಮೆಯ ಬೆನ್ನಿನಷ್ಟು ಅಗಲದ್ದನ್ನು ತೆಗೆದುಕೊಂಡೆ. ಬಿಸಿಲಿಗೆ ಹಳದಿ ಬಣ್ಣ ಮಾಸಿತ್ತು. ಹಿಂದೆ ಕೂತು ನಾನು ಹುಟ್ಟು ಹಾಕುವುದು, ಮುಂದೆ ಅವರು ಗಾಳ ಹಾಕುವುದು ಎಂದು ಲೆಕ್ಕ. ಕೆ.ಎಂ. ದೊಡ್ಡಿಯ ಕಾರ್ಖಾನೆಗೆ ಕಬ್ಬು ಸುರಿದು ಬರುತ್ತಿದ್ದ ಪರಿಚಯದವರ ಟ್ರ್ಯಾಕ್ಟರಿನಲ್ಲಿ ಅದು ಮನೆಗೆ ಬಂತು.

ಚಿಕ್ಕಮ್ಮ ಬಾಗಿಲಲ್ಲೇ ನಿಂತು ನೋಡಿದರು. "ಕಬ್ಬು ತುಂಬ್ಕಂಡ್ ಓದ್ ಗಾಡೀಲಿ ತೊಟ್ಲು ತಂದವ್ರಲ್ಲಪ್ಪ! ಯಾರ್ ಮನಗ್ತೀರಿ ಇದ್ರಲ್ಲಿ?"

"ನಂದಲ್ಲ ಕಣೆ, ಅದು ಮಗೀದು" ಎಂದರು ಚಿಕ್ಕಪ್ಪ. ಕೇಳಿದವರಿಗೆಲ್ಲ ಹಾಗೇ ಹೇಳಿದರು. ನನ್ನೆದುರಿಗೂ ಅದು 'ನಿನ್ ದೋಣಿ'ಯೇ. ತಾವು ಅದರಲ್ಲಿ ಕೂರುವುದಾಗಿ ಒಂದು ಸಲವೂ ಬಾಯಿಬಿಡಲಿಲ್ಲ. ನನಗೆ ಒಳಗೊಳಗೇ ಅಳುಕು.

ಆದರೂ ಸಜ್ಜು ಮಾಡುತ್ತಲೇ ಇದ್ದೆ. ಮಡಚುವ ಅಲ್ಯುಮಿನಿಯಂ ಕುರ್ಚಿಯ ಕಾಲನ್ನು ಮದ್ದೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹನ್ನೆರಡು ಇಂಚಿಗೆ ಕತ್ತರಿಸಿ, ಪಟ್ಟಿಗಳಿಂದ ದೋಣಿಗೆ ಬಿಗಿದೆ. ಉಳಿದಿದ್ದ ಪಿವಿಸಿ ಪೈಪಿನ ತುಂಡುಗಳು ಗಾಳದ ಕೋಲು ನಿಲ್ಲಿಸಲು, ಟೊಮೇಟೊ ಕ್ರೇಟು ಸಾಮಾನಿಗೆ, ಹಳೆಯ ತೂಕದ ಕಲ್ಲಿಗೆ ಎತ್ತಿನ ಹಗ್ಗ ಕಟ್ಟಿ ಲಂಗರು. ಇಬ್ಬರಿಗೂ ಲೈಫ್ ಜಾಕೆಟ್. ಸೀಟು ಎತ್ತರವಾದಷ್ಟೂ ದೋಣಿ ವಾಲುತ್ತದೆ ಎಂದು ಓದಿದ್ದೆ. ಕೆರೆಯಂಚಿನಲ್ಲಿ ಸೀಟಿನ ಮೇಲೆ ಹಸುವಿನ ಬೂಸದ ಮೂಟೆ ಕೂರಿಸಿ ಅಲ್ಲಾಡಿಸಿ ನೋಡಿದೆ. ಮೆಲ್ಲಗೆ ಅಲ್ಲಾಡಿಸಿದಾಗ ಕೂತಿತ್ತು. ಜೋರಾಗಿ ಅಲ್ಲಾಡಿಸಿದ್ದೇ ನೀರಿಗೆ ಬಿತ್ತು. "ಹಸಿನ್ ಬೂಸ ಮೀನ್ಗ್ ತಿನ್ಸ್ಬುಟ್ಲಲ್ಲಪ್ಪ ಇವ್ಳು!" ಎಂದು ಚಿಕ್ಕಮ್ಮ ಎರಡು ದಿನ ಬೈದರು.

ಕೆರೆಯ ಗುತ್ತಿಗೆ ಹಿಡಿದವರನ್ನು ಕೇಳಿದೆ. ಗಾಳವಾದರೆ ಹಾಕಿಕೊಳ್ಳಿ, ಬಲೆ ಬೇಡ ಎಂದರು.

ಫೆಬ್ರುವರಿ ಕೊನೆಯ ಶನಿವಾರ ಮಂಡ್ಯದಿಂದ ಬಂದಾಗ ಚಿಕ್ಕಪ್ಪ ಕೊಟ್ಟಿಗೆಯಲ್ಲಿ ದೋಣಿಯ ಪಕ್ಕ ನಿಂತಿದ್ದರು, ಎರಡು ಕೈಗೂ ಬೂದುಬಣ್ಣ ಮೆತ್ತಿಕೊಂಡಿತ್ತು.

"ಯಾವ್ ನನ್ಮಗ ಮಾರ್ದ್ನವ್ವ ಇದ್ನ? ತಳದಲ್ಲೆಲ್ಲ ತೂತು! ನೋಡೀಗ, ಒಂದ್ ತೊಟ್ಟೂ ಸೋರಾಕಿಲ್ಲ."

ದೋಣಿಯ ತೂತುಗಳಿಗೆಲ್ಲ, ನೀರಿನ ಟ್ಯಾಂಕಿಗೆ ಮೆತ್ತುವ ಅಂಟನ್ನು ಮೀನಿನ ಮುದ್ದೆ ನಾದಿದಷ್ಟೇ ನಾಜೂಕಾಗಿ ನಾದಿ ತುಂಬಿದ್ದರು. ಒಣಗಿ ಕಲ್ಲಾಗಿತ್ತು.

ಅವು ಬೇಕೆಂದೇ ಬಿಟ್ಟ ತೂತುಗಳು. ಮೇಲಿನಿಂದ ತಳಕ್ಕೆ ಕೊಳವೆಯ ಹಾಗೆ ಹಾಯುತ್ತವೆ. ಟೊಳ್ಳಿನೊಳಗೆ ನೀರು ಹೋಗುವುದಿಲ್ಲ, ಮೇಲೆ ಎರಚಿದ ನೀರು ಕೆಳಗಿಳಿಯುತ್ತದೆ. ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ ಅನ್ನಿಸುತ್ತದೆ.

"ನಿನ್ಗೇನವ್ವ, ಈಜ್ತೀಯೆ" ಎಂದರು ಅವರು. "ಮುಳುಗೋದ್ರೆ ಈ ಮಂಡಿ ಇಟ್ಕಂಡು ನಾನ್ ಈಜಕ್ಕಾದದಾ?"

ಕೂರುವ ಮನಸ್ಸಿಲ್ಲದವರು ತೂತು ಮುಚ್ಚುತ್ತಾರೆಯೇ? ಬಾಯಿತಪ್ಪಿ ಆಡಿದ ಮಾತು ಅವರಿಗೂ ಗೊತ್ತಾಯಿತು. ಹಸುವಿನ ಕಡೆ ತಿರುಗಿಕೊಂಡರು.

ಒಂದು ಕೊಡ ನೀರು ತಂದು ದೋಣಿಯ ಮೇಲೆ ಸುರಿದೆ. ಸೀಟಿನ ಕೆಳಗೆ ಮಡುವಾಗಿ ನಿಂತು, ದೋಣಿ ಅಲುಗಿದಾಗ ಅತ್ತಿಂದಿತ್ತ ಓಡಿತು. ಉಳಿ, ಸುತ್ತಿಗೆ ತಂದು ಒಂದು ತೂತು ಬಿಡಿಸಿದೆ. ನೀರು ಗೊಳಕ್ಕೆಂದು ಇಳಿದುಹೋಯಿತು. ಚಿಕ್ಕಪ್ಪ ಬಗ್ಗಿ ನೋಡಿದರು.

"ಕೆರೆ ಕೋಡಿ ಇದ್ದಂಗೆ ಅನ್ನು. ಎಚ್ಚಾಗಿದ್ದು ಓಯ್ತದೆ."

ಉಳಿ ಕಿತ್ತುಕೊಂಡು ಮಿಕ್ಕವನ್ನು ಅವರೇ ಬಿಡಿಸಿದರು. ತಮ್ಮ ಸೀಟಿನ ಕೆಳಗಿನ ಎರಡನ್ನು ಬಿಟ್ಟು. ಅವು ಇವತ್ತಿಗೂ ಹಾಗೇ ಇವೆ.

ಮಾರ್ಚ್ ೮, ಭಾನುವಾರ, ಬೆಳಿಗ್ಗೆ ಆರೂವರೆ. ದಂಡೆಯಲ್ಲಿ ನಾನು ದೋಣಿ ಹಿಡಿದುಕೊಂಡೆ, ಅವರು ಸೀಟಿಗೆ ಬೆನ್ನು ಕೊಟ್ಟು ಕೂತು, ಕಾಲುಗಳನ್ನು ಒಂದೊಂದಾಗಿ ಮೇಲೆತ್ತಿಕೊಂಡರು. ಲಂಗರು ಬಿಟ್ಟು ನಿಂತಾಗ ಹೊಂಗೆಮರ ಎದುರಿಗಿತ್ತು. ಅಷ್ಟು ವರ್ಷ ಅಲ್ಲಿಂದ ಇಲ್ಲಿಗೆ ನೋಡುತ್ತ ಕೂತಿದ್ದೆವು, ಇಲ್ಲಿಂದ ಅಲ್ಲಿಗೆ ನೋಡಿದ್ದು ಅವತ್ತೇ ಮೊದಲು. ಬುಡದಲ್ಲಿ ನಾವು ಕೂತು ಕೂತು ಸವೆದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಚಿಕ್ಕಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡರು. ನಾನು ಮಾತಾಡಲಿಲ್ಲ. ಜಿಲೇಬಿ ಏಳು, ಕಾಟ್ಲಾ ಇಲ್ಲ. ತಪ್ಪಿಸಿಕೊಂಡವನ್ನು ಎಣಿಸಲು ಮರೆತೆ.

ತೊಂದರೆಯಾದದ್ದು ದಂಡೆಗೆ ಬಂದಾಗ. ಹನ್ನೆರಡು ಇಂಚಿನಿಂದ ಏಳಬಲ್ಲರು ಎಂದು ಅಳೆದಿದ್ದೆ, ಹಿಡಿದುಕೊಳ್ಳಲು ಕೊಟ್ಟಿಗೆಯ ಕಂಬವೂ ಇತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಸರಿನಲ್ಲಿ ಪಾದ ಹೂತಿತು, ಕೈಗೆ ಏನೂ ಸಿಗಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವರು ಏರಿಯತ್ತ ನೋಡಿ, "ಯಾರೂ ನೋಡ್ನಿಲ್ಲ ಬುಡು" ಎಂದರು.

ಆಮೇಲಿನ ಭಾನುವಾರಗಳೆಲ್ಲ ಹೀಗೇ ಕಳೆದಿವೆ. ಹೋಗುತ್ತೇವೆ, ಕೂರುತ್ತೇವೆ, ಇಳಿಯುವಾಗ ನಾನು ಎತ್ತುತ್ತೇನೆ. ನಾನು ಬರಲಾಗದ ವಾರ ಅವರು ಟೀವಿ ಮುಂದೆ. ಬೇರೆ ಯಾರಿಂದಲೂ ಎತ್ತಿಸಿಕೊಳ್ಳಲು ಅವರು ಒಪ್ಪುವುದಿಲ್ಲ. ದೋಣಿಗೇ ಒಂದು ಕಂಬ ಹೂಡಿ ನೋಡಿದೆ. ಹಿಡಿದು ಎದ್ದರೆ ದೋಣಿಯೇ ಮಗುಚುತ್ತದೆ. ದಂಡೆಯಲ್ಲಿ ಬಿದಿರಿನ ಗಳ ನೆಟ್ಟೆ, ನೀರು ಇಳಿದಂತೆ ಅದು ದೂರವಾಗುತ್ತದೆ. ಮಂಡಿ ಬಗ್ಗದವರು ಯಾರ ಕೈಯೂ ಹಿಡಿಯದೆ ಇಂಥ ದೋಣಿಯಿಂದ ಕೆಸರಿನ ದಂಡೆಗೆ ಇಳಿಯುವ ದಾರಿ ನಿಮಗೆ ಗೊತ್ತಿದ್ದರೆ, ಅಥವಾ ಗೊತ್ತಿರುವವರು ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಅಳತೆಗಳಿದ್ದರೆ ಅವನ್ನೂ ಹಾಕಿ.