ಸರಿಯಾಗಿ ತಪ್ಪು ಬಾರಿಸುವುದು

ಆ ಬೆಳಿಗ್ಗೆ ನಾನು ಎಂದಿನಂತೆ ನೀರುದೋಸೆ ಹೊಯ್ಯುತ್ತಿದ್ದೆ. ಒಳಕೋಣೆಯಲ್ಲಿ ಮಗಳು ಸಹನಾ ಸ್ಯಾಕ್ಸೊಫೋನ್ ಊದಲು ಶುರುಮಾಡಿದ್ದಳಷ್ಟೆ. ಬಾಗಿಲಲ್ಲಿ ಅಪರಿಚಿತರೊಬ್ಬರು, ಕೈಯಲ್ಲಿ ಗುಲಾಬಿ ಹಾರ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಕೇಳಿದರು: "ಎಷ್ಟೊತ್ಗಮ್ಮಾ ಎತ್ತೋದು?"

ಹೆಣ ಎತ್ತುವುದು! ಸಾವಾಗಿದ್ದು ಹಿಂದಿನ ಬೀದಿಯಲ್ಲಿ. ವಾದ್ಯ ಕೇಳಿದ್ದು ನಮ್ಮ ಮನೆಯಲ್ಲಿ. ಅವರು ದನಿಯನ್ನು ನಂಬಿ ಬಂದಿದ್ದರು.

ನಮ್ಮ ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಮುಹೂರ್ತ ಹತ್ತಿರವಾಯಿತೆಂದು ಅಕ್ಷತೆ ಹಿಡಿದು ಏಳುತ್ತೇವೆ. ಸಹನಾ ಮೂಡುಬಿದಿರೆಯಲ್ಲಿ ಐದು ವರ್ಷ ಕಲಿತದ್ದೂ ಮದುವೆ ಮಂಟಪದ ಕೀರ್ತನೆಗಳನ್ನೇ. ನನ್ನವರಿಗೆ ಬಂಗಾರಪೇಟೆಗೆ ವರ್ಗವಾಗಿ, ಚಿನ್ನದ ಗಣಿಯ ಊರಿಗಾಂನ ಈ ಸಾಲುಮನೆಗೆ ಬಂದು ಎಂಟು ತಿಂಗಳು. ಸಾಲಿಗೆ ಇಲ್ಲಿ 'ಲೈನ್' ಎನ್ನುತ್ತಾರೆ. ಊದುವ ವಾದ್ಯವೆಂದರೆ ಇಲ್ಲಿ ಶವದ ಮುಂದೆ ನಡೆಯುವಂಥದ್ದು. ಪಕ್ಕದ ಮನೆಯ ಸೆಲ್ವಿ ಮೊದಲ ವಾರವೇ ಹೇಳಿದ್ದಳು: "ಅಕ್ಕಾ, ಕಿಟಕಿ ಮುಚ್ಚಿ ಊದ್ಸಿ. ನಮ್ಮತ್ತೆ ತನ್ನನ್ನೇ ಕಳಿಸ್ತಾ ಅವ್ರೆ ಅಂತ ಬೆಚ್ಚಿ ಬೀಳ್ತಾರೆ."

ಮುಚ್ಚಿದೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅಂದು ಮಾತ್ರ ದೋಸೆಯ ಹೊಗೆಗೆಂದು ಒಂದು ಕಿಟಕಿ ತೆರೆದಿದ್ದೆ.

ಬೆಂಗಳೂರಿನಲ್ಲಿ ಹದಿಹರೆಯದ ಜಾಝ್ ವಾದಕರಿಗೊಂದು ಶಿಬಿರ. ಆಯ್ಕೆಗೆಂದು ಅಂದು ಸಂಜೆಯೊಳಗೆ ವಿಡಿಯೊ ಕಳಿಸಬೇಕಿತ್ತು. ಮಧ್ಯಾಹ್ನ ಆಟೊ ಹಿಡಿದು ಇಬ್ಬರೂ ಪಕ್ಕದ ಬಡಾವಣೆ ಕೋರಮಂಡಲ್‌ನ ಆರೋಗ್ಯಂ ಮಾಸ್ಟರ್ ಮನೆಗೆ ಹೋದೆವು. ಪ್ರಾಯದಲ್ಲಿ ಗಣಿಯ ಕ್ಲಬ್ಬಿನಲ್ಲಿ ದೊರೆಗಳ ಕುಣಿತಕ್ಕೆ ಊದಿದವರು. ಕ್ರಿಸ್ಮಸ್ಸಿನಲ್ಲಿ ಅವರ ವಾದನ ಕೇಳಿಯೇ ಸಹನಾಳಿಗೆ ಜಾಝ್ ಹುಚ್ಚು ಹಿಡಿದದ್ದು; ಅಂದಿನಿಂದ ಅವರ ಬಳಿಯೇ ಪಾಠ.

ಸಹನಾ ನುಡಿಸಿದಳು. ತೊಳೆದು ಕವುಚಿಟ್ಟ ಸ್ಟೀಲ್ ಲೋಟಗಳಂತೆ ಸ್ವರಗಳು ಸಾಲಾಗಿ ನಿಂತವು. ಮಾಸ್ಟರ್ ತಲೆಯಾಡಿಸಿದರು. "ಎಲ್ಲಾ ಸರಿ ಐತೆ. ಅದೇ ಕಷ್ಟ. ತಪ್ಪು ಬಾರ್ಸಮ್ಮಾ. ಸರಿಯಾಗಿ ತಪ್ಪು ಬಾರ್ಸು."

ಈ ಮಾತನ್ನು ತಿಂಗಳುಗಟ್ಟಲೆ ಜಗಲಿಯಲ್ಲಿ ಕೂತು ಕೇಳಿ ನುಂಗಿಕೊಂಡಿದ್ದೆ. ಅಂದು ಆಗಲಿಲ್ಲ. "ಎಂಥ ಮಾಸ್ಟ್ರೇ ಇದು? ಕಳಿಸುವ ದಿನವೇ ತಪ್ಪು ಬಾರಿಸು ಅಂತೀರಲ್ಲ, ತಪ್ಪು ಬಾರಿಸ್ಲಿಕ್ಕೆ ಗುರು ಬೇಕಾ?"

"ಅಯ್ಯೋ, ಅಮ್ಮಾ!" ಸಹನಾ ಹಣೆ ಚಚ್ಚಿಕೊಂಡಳು.

ಮಾಸ್ಟರ್ ನಗುತ್ತಾ ಗೋಡೆಯ ಮೊಳೆಯಿಂದ ತಮಟೆಯೊಂದನ್ನು ಇಳಿಸಿದರು. "ಇದು ತಪ್ಪು ಕಣಮ್ಮಾ. ನಮ್ ತಮಿಳಲ್ಲಿ ಇದರ್ ಎಸ್ರೇ ತಪ್ಪು. ನಮ್ ತಾತ ಸಾವಿಗೆ ಬಾರ್ಸ್ತಿದ್ರು. ನಾನು ಕ್ಲಬ್ಬಲ್ಲಿ ಊದಿದ್ದೆಲ್ಲಾ ಇದರ್ ಏಟಿನ್ ಮೇಲೇನೇ. ದೊರೆಗಳಿಗೆ ಗೊತ್ತೇ ಆಗ್ಲಿಲ್ಲ, ಕುಣುದ್ರು."

ನನ್ನ ಕಿವಿ ಬಿಸಿಯಾಯಿತು. ಅವರು ಎರಡು ಕಡ್ಡಿ ಹಿಡಿದು ಬಾರಿಸತೊಡಗಿದರು. ಪೆಟ್ಟು ನಾವು ಕಾದ ಕಡೆ ಬೀಳದೆ, ಕೊನೆಯ ಮೆಟ್ಟಿಲಲ್ಲಿ ಅನುಮಾನಿಸುವ ಪಾದದಂತೆ ಒಂದು ಕೂದಲೆಳೆ ತಡೆದು ಬೀಳುತ್ತಿತ್ತು. ಸಹನಾ ಕಣ್ಣು ಮುಚ್ಚಿ ಅದಕ್ಕೆ ಒರಗಿ ಊದಿದಳು. ಅದೇ ಸ್ವರಗಳು ಈಗ ತೂಗಿದವು, ಕೀಟಲೆ ಮಾಡಿದವು. ನನ್ನ ಹಿಮ್ಮಡಿ ತಾನಾಗಿ ನೆಲ ಕುಟ್ಟುತ್ತಿತ್ತು. ಅದನ್ನೇ ಮೊಬೈಲಿನಲ್ಲಿ ಹಿಡಿದು ಕಳಿಸಿದೆವು.

ಹೆಮ್ಮೆಯಿಂದ ಊರಿನ ಅತ್ತಿಗೆಗೂ ಕಳಿಸಿದೆ. ಕೂಡಲೇ ಫೋನ್ ಬಂತು. "ಎಂಥ ಅವಸ್ಥೆ ಮಾರಾಯ್ತಿ! ಮದುವೆಗೆ ಊದುವ ಹುಡುಗಿಗೆ ಹೆಣದ ತಾಳವಾ? ಇನ್ನು ಇಲ್ಲಿ ಯಾರು ಕರೀತಾರೆ?"

"ಕರೆಯದಿದ್ರೆ ಬೇಡ, ಅತ್ತಿಗೆ," ಎಂದು ಜೀವನದಲ್ಲಿ ಮೊದಲ ಸಲ ನಾನೇ ಮೊದಲು ಫೋನ್ ಇಟ್ಟೆ. ಕರಾವಳಿಯಲ್ಲಿ ಕೂತು ಇದನ್ನು ಓದುವ ಊರವರಾದ ನಿಮಗೂ ಅದನ್ನೇ ಬರೆಯುತ್ತಿದ್ದೇನೆ. ನನ್ನ ಮಗಳ ಸ್ವರಕ್ಕೆ ಕಾಲು ಕೊಟ್ಟದ್ದು ಆ ಚರ್ಮ. ಅದಕ್ಕೆ ನಾಚುವ ಮಂಟಪ ನಮಗೆ ಬೇಡ.

ಸಂಜೆ ಎಲ್ಲ ಕಿಟಕಿಗಳನ್ನೂ ತೆರೆದೆ. "ಊದು," ಎಂದೆ. ದನಿ ಲೈನು ದಾಟಿ, ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದವರೆಗೂ ಹೋಗಿರಬೇಕು. ಸೆಲ್ವಿ ಹೊರಗೆ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳು ಗೊಣಗಿದರೆ ಕೊಡುವ ಉತ್ತರವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತೆ.

ಅವಳು ತಿರುಗಿಯೂ ನೋಡಲಿಲ್ಲ. "ನಮ್ಮತ್ತೆ ಮಂಚದ್ ಮೇಲೇ ತಾಳಕ್ಕೆ ಕಾಲ್ ಆಡಿಸ್ತಾ ಅವ್ರೆ ಅಕ್ಕಾ," ಎಂದಳು, ಸೀರೆ ಮಡಚುತ್ತಾ. "ನೀವು ಬೇಕಾದ್ರೆ ನಿಮ್ಮೂರ್ಗೆ ಓಗ್ಬನ್ನಿ. ಉಡ್ಗೀನ ಮಾತ್ರ ಇಲ್ಲೇ ಬಿಟ್ಟೋಗಿ."