ತೆರೆದ ಬಾಗಿಲು ದಾಟಿಹೋದವರು

ಅವರಿಗೆ ಹುಬ್ಬುಗಳಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಅರ್ಧ ಆಯುಷ್ಯ ನಿಂತವರ ಹುಬ್ಬುಗಳು ಬೆಳೆಯುವ ಆಸೆಯನ್ನೇ ಬಿಟ್ಟಿದ್ದವು. ಹಾಗಾಗಿ ನಮ್ಮ ಸಂಡೇ ಸ್ಕೂಲಿನ ಮೇಷ್ಟ್ರಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಎಂದು ಮುಖ ನೋಡಿ ಹೇಳುವಂತಿರಲಿಲ್ಲ. ಬಾಯಿ ತೆರೆಯುವವರೆಗೆ ಕಾಯಬೇಕಿತ್ತು. ತೆರೆದರೆ ಬರುತ್ತಿದ್ದುದು ಹೆಚ್ಚಾಗಿ ಒಂದೇ ಮಾತು: "ಸರಿ, ಇದಕ್ಕೆ ಎದುರು ಮಾತು ಯಾರು ಹೇಳ್ತೀರಿ?"

ಬೇರೆ ಕಡೆ ಮಕ್ಕಳು ಬೈಬಲಿನ ವಚನಗಳನ್ನು ಬಾಯಿಪಾಠ ಮಾಡುತ್ತಿದ್ದರೆ ನಾವು ಜಗಳ ಆಡುತ್ತಿದ್ದೆವು. ಒಂದು ಡಿಸೆಂಬರಿನ ಭಾನುವಾರ ಅವರು ಕೇಳಿದರು: "ಬೆತ್ಲೆಹೇಮಿನ ಛತ್ರದವನು ತುಂಬಿದ ಬಸುರಿಗೆ ಜಾಗ ಇಲ್ಲ ಅಂದ. ಎರಡು ಸಾವಿರ ವರ್ಷದಿಂದ ಎಲ್ರೂ ಅವನನ್ನ ಬೈತಾನೇ ಇದಾರೆ. ಪಾಪ, ಅವನ ಪರವಾಗಿ ಯಾರು ಮಾತಾಡ್ತೀರಿ?"

ನಾನು ಎದ್ದು ನಿಂತೆ. "ಛತ್ರ ತುಂಬಿತ್ತು ಸಾರ್. ಇವರನ್ನ ಒಳಗೆ ಬಿಟ್ಟಿದ್ರೆ ಮೊದಲೇ ಬಂದು ಮಲಗಿದ್ದೋರು ಸಿಟ್ಟು ಮಾಡ್ಕೊಂಡು ಎದ್ದು ಹೋಗ್ತಿದ್ರು. ಆಮೇಲೆ ಛತ್ರನೇ ಮುಚ್ಚಬೇಕಾಗ್ತಿತ್ತು. ಅವನು ಛತ್ರ ಉಳಿಸ್ಕೊಂಡ ಅಷ್ಟೇ."

"ಎಲಾ ಇವಳ!" ಎಂದು ಮೇಷ್ಟ್ರು ಬೆಂಚು ತಟ್ಟಿದರು. "ನಮ್ಮ ಸಭೆಯಲ್ಲೂ ಒಬ್ಬಳು ವಕೀಲಮ್ಮ ಹುಟ್ಟಿದ್ಲು ಕಣ್ರೋ!" ಅವತ್ತಿನಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ನನ್ನ ಅಪ್ಪ ಅವರ ಜೊತೆ ಒಂದೇ ಶಿಫ್ಟಿನಲ್ಲಿ ಕೆಲಸ ಮಾಡಿದವರು. ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮನಿಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿ ಕ್ವಾರ್ಟರ್ಸ್ ಉಳಿಯಿತು. ನನ್ನ ಶಾಲೆಯ ಭಾಷಣ, ಚರ್ಚಾಸ್ಪರ್ಧೆಗಳ ಜವಾಬ್ದಾರಿಯನ್ನು ಮಾತ್ರ ಯಾರೂ ಹೇಳದೆ ಮೇಷ್ಟ್ರು ವಹಿಸಿಕೊಂಡರು. ನೈಟ್ ಶಿಫ್ಟ್ ಮುಗಿಸಿ ನಿದ್ದೆ ಮಾಡದೆ ನನ್ನನ್ನು ಶಿವಮೊಗ್ಗದ ಬಸ್ಸು ಹತ್ತಿಸಿ ತಾವೂ ಜೊತೆಗೆ ಬರುತ್ತಿದ್ದರು. ಮಾಚೇನಹಳ್ಳಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ನನ್ನ ಭಾಷಣ ಕೇಳಿಸಿಯಾಗಿರುತ್ತಿತ್ತು. "ಕೈ ಅಷ್ಟು ಬೀಸ್ಬೇಡ ಮಾರಾಯ್ತಿ, ನೀನೇನು ಬಸ್ಸು ನಿಲ್ಲಿಸ್ತಿದೀಯಾ?" ಕಂಡಕ್ಟರನಿಗೂ ನಗು.

ಒಮ್ಮೆ ಕಾಲೇಜಿನ ಸ್ಪರ್ಧೆಯೊಂದರಲ್ಲಿ ಧರ್ಮ ಮನುಷ್ಯನಿಗೆ ಬೇಕೇ ಎಂಬ ವಿಷಯ ಕೊಟ್ಟಿದ್ದರು. ಬೇಕು ಎಂದು ಮಾತಾಡಲೇ ಎಂದು ಮೇಷ್ಟ್ರನ್ನು ಕೇಳಿದೆ. "ಬೇಡ, ವಿರೋಧ ಮಾತಾಡು. ಅದರಲ್ಲಿ ನಿನಗೆ ದನಿ ಇದೆ. ಐದು ನಿಮಿಷ ದೇವರು ತಡ್ಕೊಳ್ತಾನೆ ಬಿಡು."

ದೇವರು ತಡೆದುಕೊಂಡ. ನಾನೇ ಆ ಐದು ನಿಮಿಷದಿಂದ ವಾಪಸು ಬರಲಿಲ್ಲ. ಪಿಯುಸಿ ಮುಗಿಯುವ ಹೊತ್ತಿಗೆ ನನಗೆ ನಂಬಿಕೆ ಹೋಗಿತ್ತು. ಯಾರಿಗೂ ಹೇಳುವ ಮೊದಲು ಅವರಿಗೇ ಹೇಳಿದೆ. ಅವರು ಸೈಕಲ್ಲಿನ ಚೈನು ಹಾಕುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ಒಳ್ಳೇದಾಯ್ತು. ಶನಿವಾರ ಸಂಜೆ ಹಾಡಿನ ಪ್ರಾಕ್ಟೀಸಿಗೆ ಬಾ. ಈ ಸಲ ಹೆಂಗಸರ ಕಡೆ ದನಿ ಕಮ್ಮಿ ಇದೆ."

ಹೋದೆ. ನಂಬದವಳು ಯಾಕೆ ಹೋದೆ ಎಂದರೆ, ಆ ಮನುಷ್ಯ ಕಟ್ಟಿದ್ದ ಹಾಡುಗಾರಿಕೆಗಾಗಿ. ನಮ್ಮ ಕಾರ್ಖಾನೆಯ ಊರಿನಲ್ಲಿ ತಮಿಳು ಮನೆಮಾತಿನವರು, ತೆಲುಗಿನವರು, ಕನ್ನಡದವರು ಎಲ್ಲ ಒಂದೇ ಗುಡಿಯಲ್ಲಿ, ಚರ್ಚಿಗೆ ನಾವು ಹೇಳುವುದು ಹಾಗೆ, ಕೂರುವವರು. ಮೊದಲು ಕ್ರಿಸ್‌ಮಸ್ ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಭಾಷೆಯಲ್ಲಿ ಆರಾಧನೆ ಮಾಡಿ ಮನೆಗೆ ಹೋಗುತ್ತಿದ್ದರಂತೆ. ಮೇಷ್ಟ್ರು ಮನೆ ಮನೆಗೆ ಅಲೆದು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಒಂದೇ ರಾಗ, ಮೂರು ಭಾಷೆ, ಏಕಕಾಲಕ್ಕೆ. ಪಕ್ಕದವರ ಪದ ನಮಗೆ ಗೊತ್ತಾಗದು, ನಮ್ಮದು ಅವರಿಗೆ ಗೊತ್ತಾಗದು. ಆದರೂ ಕೊನೆಯ ಸಾಲಿಗೆ ಇಡೀ ಗುಡಿ ಒಂದೇ ಉಸಿರು ಎಳೆದುಕೊಳ್ಳುತ್ತಿತ್ತು. ಆ ಕ್ಷಣಕ್ಕೆ ನನ್ನ ಬಳಿ ಇವತ್ತಿಗೂ ಎದುರು ಮಾತಿಲ್ಲ.

ಹಬ್ಬಕ್ಕೆ ಮೊದಲು ಮನೆ ಮನೆಗೆ ಹೋಗಿ ಹಾಡುವ ರೂಢಿ. ಮುಂದೆ ಪೆಟ್ರೋಮ್ಯಾಕ್ಸ್ ಹಿಡಿದು ಮೇಷ್ಟ್ರು, ಹಿಂದೆ ನಾವು. ಅವರು ದೀಪ ಇಳಿಸಿದ ಬಾಗಿಲಲ್ಲಿ ಹಾಡು ಶುರು. ಅವರ ನಿಯಮ ಸರಳವಾಗಿತ್ತು: ತೆರೆದ ಬಾಗಿಲನ್ನು ಹಾಡದೆ ದಾಟಿ ಹೋಗಕೂಡದು. ಮನೆ ಯಾರದ್ದೆಂದು ಕೇಳಕೂಡದು. ಹಾಗಾಗಿ ನಮ್ಮ ಸಾಲಿನ ಹಿಂದೂ ಮನೆಗಳವರೂ ಹೊಸ್ತಿಲಲ್ಲಿ ದೀಪವಿಟ್ಟು, ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಕಾಯುತ್ತಿದ್ದರು. ಒಂದು ವರ್ಷ ಸಾರಾಯಿ ಅಂಗಡಿಯ ಮುಂದೆಯೂ ದೀಪ ಇಳಿಸಿಬಿಟ್ಟರು. ಒಳಗಿದ್ದವನೊಬ್ಬ ತೂರಾಡುತ್ತಾ ಬಂದು "ಇನ್ನೊಂದು ಹಾಡ್ರಣ್ಣ, ಇದು ನನ್ ಕಡೆಯಿಂದ" ಎಂದ. ಹಾಡಿದೆವು. ಮರುದಿನ ಹಿರಿಯರ ಕಮಿಟಿ ಅವರನ್ನು ಕರೆದು ಛೀಮಾರಿ ಹಾಕಿತು. ಮೇಷ್ಟ್ರ ಉತ್ತರ: "ಬಾಗಿಲು ತೆರೆದಿತ್ತು ಸಾರ್. ನಾನೇನ್ ಮಾಡ್ಲಿ?"

ಮಿಷನ್ ಎಂದರೆ, ದೇವರ ಕೆಲಸ ಎಂದರೆ, ಇಷ್ಟೇ ಎನ್ನುತ್ತಿದ್ದರು. ನಾನು ಅವರನ್ನು ನಂಬಿದ್ದೆ. ದೇವರ ವಿಷಯದಲ್ಲಿ ಅಲ್ಲ, ಈ ವಿಷಯದಲ್ಲಿ.

ಆಮೇಲೆ ನನ್ನ ಅಕ್ಕ ಮದುವೆಯಾದಳು. ಹುಡುಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಗಾರ, ಹಿಂದೂ. ಶಿವಮೊಗ್ಗದಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿ ಅಲ್ಲೇ ಬಾಡಿಗೆ ಮನೆ ಹಿಡಿದರು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿಯ ಅಧ್ಯಕ್ಷರು ಎದ್ದು ನಿಂತು, ನಮ್ಮ ಕುಟುಂಬವನ್ನು ಶಿಸ್ತಿನಲ್ಲಿ ಇಡಲಾಗಿದೆ ಎಂದು ಸಾರಿದರು. ಅಂದರೆ ಅಮ್ಮನಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಹಾಡುವವರ ಸಾಲಿನಲ್ಲಿ ನಿಲ್ಲುವಂತಿಲ್ಲ. ಹಬ್ಬದಲ್ಲಿ ಹಾಡಿನ ಗುಂಪು ನಮ್ಮ ಬಾಗಿಲಿಗೆ ಬರುವಂತಿಲ್ಲ. ಅಮ್ಮ ಸಭೆಯ ಮುಂದೆ ನಿಂತು ಮಗಳದ್ದು ತಪ್ಪೆಂದು ಹೇಳಬೇಕು, ಅವಳನ್ನು ಹೊಸ್ತಿಲು ತುಳಿಯಲು ಬಿಡುವುದಿಲ್ಲ ಎಂದು ಮಾತು ಕೊಡಬೇಕು. ಆಗ ಎಲ್ಲ ಮೊದಲಿನಂತೆ.

"ಹೆತ್ತ ಮಗಳಿಗೆ ಬಾಗಿಲು ಹಾಕ್ಕೊಂಡು ಯಾವ ಬಾಯಲ್ಲಿ ಹಾಡಲಿ?" ಎಂದು ಅಮ್ಮ ಮನೆಗೆ ಬಂದು ಕೂತಳು. ಆದರೆ ಅವಳಿಗೆ ಸಭೆ ಬಿಟ್ಟು ಬೇರೆ ಜನ ಇರಲಿಲ್ಲ. ಅಪ್ಪ ಹೋದಾಗ ಅವಳನ್ನು ಎತ್ತಿ ನಿಲ್ಲಿಸಿದ್ದು ಅವರೇ. ಈಗ ನಲ್ಲಿಯ ಹತ್ತಿರ "ಸ್ತೋತ್ರ ಅಕ್ಕ" ಎಂದು ವಂದಿಸುತ್ತಿದ್ದ ಹೆಂಗಸರು ಕೊಡ ನೋಡುತ್ತಾ ನಿಲ್ಲತೊಡಗಿದರು. ಅಮ್ಮ ನೀರು ತರುವ ಹೊತ್ತನ್ನು ಬದಲಾಯಿಸಿಕೊಂಡಳು.

ಡಿಸೆಂಬರ್ ಬಂತು. ಮೇಷ್ಟ್ರು ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು: "ತಂಗೀ, ನೀನು ಬಾಗಿಲು ತೆಗೆದಿಡು. ದೀಪ ಹಿಡಿಯೋನು ನಾನು, ಕಮಿಟಿ ಅಲ್ಲ. ಈ ಬಾಗಿಲು ಬಿಟ್ಟು ಹಾಡು ಮುಂದೆ ಹೋಗಲ್ಲ."

"ಅವರನ್ನೂ ಕರೀಲಾ ಅಣ್ಣ?" ಎಂದು ಅಮ್ಮ ಕೇಳಿದಳು. ಅಕ್ಕ, ಭಾವನನ್ನು.

"ಕರಿ. ಅಳಿಯನ ಕೈಯಲ್ಲೇ ತಟ್ಟೆ ಕೊಡ್ಸು."

ನಾಲ್ಕು ದಿನ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಕರ್ಜಿಕಾಯಿ, ಚಕ್ಕುಲಿ, ರವೆ ಉಂಡೆ, ಅವಳಿಗೆ ಬರುತ್ತಿದ್ದುದೆಲ್ಲ. ಹಾಡಿನ ಗುಂಪು ಬರುವ ಸಂಜೆ ಐದು ತಿಂಗಳ ಬಸುರಿ ಅಕ್ಕ ಭಾವನ ಜೊತೆ ಬಸ್ಸಿಳಿದು ಬಂದಳು. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. "ಅವ್ರು ಹಾಡುವಾಗ ನಾನು ಚಪ್ಪಲಿ ಬಿಟ್ಟು ನಿಂತ್ಕೋಬೇಕಾ?" ಎಂದು ನನ್ನನ್ನು ಕೇಳಿದರು. "ಅವರೇ ಬಿಟ್ಟಿರಲ್ಲ, ನೀವ್ಯಾಕೆ?" ಎಂದೆ. ಆದರೂ ಬಿಟ್ಟರು.

ಕತ್ತಲಾಗುತ್ತಿದ್ದಂತೆ ಸಾಲಿನ ತುದಿಯಲ್ಲಿ ಬೆಳಕು ಕಂಡಿತು. ಹಾಡು ಒಂದೊಂದೇ ಬಾಗಿಲು ದಾಟಿ ಹತ್ತಿರ ಬಂತು. ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿ ಮೇಷ್ಟ್ರು ದೀಪ ಇಳಿಸಿದರು. ಅಜ್ಜಿ ಹಿಂದೂ. ಹಾಡು ಮುಗಿದ ಮೇಲೆ ಬಾಳೆಹಣ್ಣು ಕೊಟ್ಟು ಎಲ್ಲರ ತಲೆ ಮುಟ್ಟಿ ಹರಸಿದಳು. ಮೇಷ್ಟ್ರು ದೀಪ ಎತ್ತಿದರು. ಅಮ್ಮ ಸೆರಗು ಸರಿ ಮಾಡಿಕೊಂಡಳು. ಭಾವ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದರು.

ಬೆಳಕು ನಮ್ಮ ಮೇಲೆ ಬಿತ್ತು. ನಾಲ್ಕೂ ಜನರ ಮುಖ ಸ್ಪಷ್ಟವಾಗಿ ಕಂಡಿರಬೇಕು. ಮೇಷ್ಟ್ರು ದೀಪವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು, ನಮ್ಮ ಕಡೆಯಿಂದ ಆ ಕಡೆಗೆ. ಹಾಗೇ ನಡೆದರು. ಹಿಂದೆ ಇಡೀ ಗುಂಪು, ನನ್ನ ಜೊತೆ ಹಾಡಿ ಬೆಳೆದವರೆಲ್ಲ, ನಮ್ಮ ಮನೆ ದಾಟಿತು. ಅಂಗಳದ ಕಲ್ಲಿನ ಮೇಲೆ ಚಪ್ಪಲಿಗಳ ಸದ್ದು ಮಾತ್ರ.

"ಏ ಮೇಷ್ಟ್ರೇ!" ಪಕ್ಕದ ಅಜ್ಜಿ ಕೂಗಿದಳು. "ಆ ಮನೆ ಬಿಟ್ಬಿಟ್ರಲ್ಲೋ! ದೀಪ ಇಟ್ಕೊಂಡು ನಿಂತವ್ರೆ, ಕಣ್ಣು ಕಾಣಲ್ವೇನ್ರೋ?"

ಯಾರೂ ತಿರುಗಲಿಲ್ಲ. ಮೂರು ಮನೆ ಆಚೆ ಹಾಡು ಮತ್ತೆ ಶುರುವಾಯಿತು. ಭಾವ ತಟ್ಟೆ ಹಿಡಿದೇ ನಿಂತಿದ್ದರು. ಅಕ್ಕ ಅದನ್ನು ಇಸಿದುಕೊಂಡು, "ಬನ್ನಿ, ಲಾಸ್ಟ್ ಬಸ್ ತಪ್ಪತ್ತೆ" ಎಂದಳು. ಲಾಸ್ಟ್ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮರುದಿನ ಮಧ್ಯಾಹ್ನ ಮೇಷ್ಟ್ರು ಬಂದರು. ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ಕೇಕಿನ ಪೊಟ್ಟಣ.

"ಮೊನ್ನೆ ರಾತ್ರಿ ಕಮಿಟಿಯವರು ಬಂದಿದ್ರು ತಂಗಿ. ನಿಮ್ಮ ಮನೆಗೆ ಹಾಡು ಹೋದ್ರೆ ತಮಿಳಿನ ದೊಡ್ಡ ಮನೆಗಳೆಲ್ಲ ಬೇರೆ ಆರಾಧನೆ ಮಾಡ್ಕೊಳ್ತೀವಿ ಅಂದ್ರು. ಕನ್ನಡದವರೂ ಸೈ ಅಂದ್ರು, ಅವ್ರಿಗೂ ನೆಪ ಬೇಕಿತ್ತು. ಸಭೆ ಒಡೆದು ಹೋಗ್ತಿತ್ತು. ಇಷ್ಟು ವರ್ಷ ಕಟ್ಟಿದ್ದು. ಒಂದು ಬಾಗಿಲು ಬಿಟ್ಟು ಸಭೆ ಉಳಿಸ್ದೆ."

ನನಗೆ ಗುರುತು ಸಿಕ್ಕಿತು. ಅದು ನನ್ನದೇ ವಾದ. ಮೇಷ್ಟ್ರು ತಾವೇ ಬೆಂಚು ತಟ್ಟಿ ಮೆಚ್ಚಿದ್ದ ಛತ್ರದವನ ವಾದವನ್ನು ಪದ ಬದಲಿಸಿ ನನ್ನ ಅಮ್ಮನ ಮುಂದೆ ಇಡುತ್ತಿದ್ದರು.

"ಪಕ್ಕದ ಅಜ್ಜಿ ಹಿಂದೂ ಅಂತ ಹಾಡು ನಿಲ್ಲಲಿಲ್ಲ. ನಮ್ಮ ಭಾವ ಹಿಂದೂ ಅಂತ ನಿಲ್ತು. ಇದಕ್ಕೆ ಎದುರು ಮಾತು ಹೇಳಿ ಸಾರ್," ಎಂದೆ. "ಮೊನ್ನೆ ರಾತ್ರಿಯೇ ಗೊತ್ತಿತ್ತಲ್ಲ? ಬರಲ್ಲ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ನಾವು ಬಾಗಿಲು ಹಾಕ್ಕೊಂಡು ಒಳಗೆ ಕೂರ್ತಿದ್ವಿ. ಬಸುರಿ ಹೆಂಗಸು ಅಷ್ಟು ದೂರ ಬರ್ತಿರ್ಲಿಲ್ಲ."

"ಕೊನೇ ಕ್ಷಣದಲ್ಲಿ ಧೈರ್ಯ ಬರತ್ತೆ ಅಂದ್ಕೊಂಡೆ ವಕೀಲಮ್ಮ," ಎಂದರು. ಅದು ಸುಳ್ಳೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಹಾಗೆಂದು ನೋವು ಕಡಿಮೆಯಾಗುವುದೂ ಇಲ್ಲ.

ಅವರು ಪ್ರಾರ್ಥನೆಗೆಂದು ಟೊಪ್ಪಿ ತೆಗೆದರು. ಸಣ್ಣ ದನಿಯಲ್ಲಿ, ಒಬ್ಬರೇ, ನಮ್ಮ ಹಿತ್ತಲಲ್ಲಿ ಹಬ್ಬದ ಹಾಡಿನ ಮೊದಲ ಸಾಲು ಎತ್ತಿದರು. ಅಮ್ಮ ಕೈ ಅಡ್ಡ ಹಿಡಿದಳು.

"ಬೇಡ ಅಣ್ಣ. ಕಾಫಿ ಕುಡೀರಿ, ಕೊಡ್ತೀನಿ. ನೀವೊಬ್ಬರೇ ಹಾಡಿದ್ರೆ ನನಗೇನ್ ಬಂತು? ನನಗೆ ಬೇಕಾಗಿದ್ದು ಅವರೆಲ್ಲ. ಹಿತ್ತಲಿಗೆ ಬರೋ ಹಾಡು ನನಗೆ ಬೇಡ."

ಅವರು ಕಾಫಿ ಕುಡಿಯಲಿಲ್ಲ. ಕೇಕನ್ನು ಅಮ್ಮ ಪಕ್ಕದ ಅಜ್ಜಿಯ ಮೊಮ್ಮಕ್ಕಳಿಗೆ ಕೊಟ್ಟಳು.

ಎರಡು ಕ್ರಿಸ್‌ಮಸ್ ಅಮ್ಮ ಮನೆಯಲ್ಲೇ ಕಳೆದಳು. ಮೂರನೆಯ ವರ್ಷ ಸಭೆಗೆ ಹೊಸ ಪಾದ್ರಿ ಅಯ್ಯನವರು ಬಂದರು. ಶಿಸ್ತು ಸಾಕು, ಆ ತಾಯಿಯನ್ನು ಕರೆಯಿರಿ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಯಾರೂ ಎದ್ದು ಹೋಗಲಿಲ್ಲ, ಏನೂ ಒಡೆಯಲಿಲ್ಲ. ಮೇಷ್ಟ್ರು ಅಷ್ಟು ಹೆದರಿದ್ದು ಇಷ್ಟಕ್ಕೆ. ಅಮ್ಮ ಏನೂ ಕೇಳದೆ ಹೋಗಿ ತನ್ನ ಸಾಲಿನಲ್ಲಿ ನಿಂತಳು. ಅವಳ ಆ ಸುಲಭದ ನಡೆ ನನಗೆ ಅರ್ಥವಾಗಲಿಲ್ಲ, ಆಗುವುದೂ ಇಲ್ಲ.

ಆಗಲೇ ಮೇಷ್ಟ್ರ ಎದೆ ಕೆಟ್ಟಿತ್ತು. ಕುಲುಮೆಯ ಧೂಳು ಎಂದು ಡಾಕ್ಟರು ಹೇಳಿದರಂತೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮ ಬಸ್ಸಿನಲ್ಲಿ ಗಂಜಿ ಒಯ್ದು ಕುಡಿಸಿ ಬಂದಳು. "ವಕೀಲಮ್ಮ ಹೇಗಿದಾಳೆ ಅಂತ ಕೇಳಿದ್ರು ಕಣೆ," ಎಂದಳು. ನಾನು ಓದುತ್ತಿದ್ದ ಕಾಲೇಜು ಆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೋಗಲಿಲ್ಲ. ಹೋಗಬೇಕಿತ್ತು ಎಂದು ಯಾರಾದರೂ ಹೇಳಿದರೆ ವಾದಕ್ಕೆ ಸಿದ್ಧಳಿದ್ದೇನೆ.

ಅವರು ತೀರಿಕೊಂಡಾಗ ಮಣ್ಣಿಗೆ ಹೋದೆ. ಮೂರು ಭಾಷೆಯಲ್ಲೂ ಹಾಡಿದರು. ಕಮಿಟಿಯ ಅಧ್ಯಕ್ಷರು ಅವರನ್ನು ಐಕ್ಯತೆಯ ಕಂಬ ಎಂದರು. ನಾನು ಹಿಂದೆ ನಿಂತು ಪ್ರತಿ ವಾಕ್ಯಕ್ಕೂ ಎದುರು ವಾಕ್ಯ ಕಟ್ಟುತ್ತಿದ್ದೆ. ಹಾಗೆ ಕಟ್ಟುವುದನ್ನು ಕಲಿಸಿದವರೇ ಪೆಟ್ಟಿಗೆಯಲ್ಲಿದ್ದರು. ನಾನು ಎಲ್ಲಿ ಎದ್ದು ಮಾತಾಡಿದರೂ ಆ ಬಾಯಿ ಅವರು ಕೊಟ್ಟದ್ದು. ಈ ಋಣ ತೀರಿಸಲಾರೆ, ಬೇಡವೆಂದು ಹಿಂದಿರುಗಿಸಲೂ ಆರೆ.

ಮುಂದಿನ ಕ್ರಿಸ್‌ಮಸ್ ಬೆಳಿಗ್ಗೆ ಅಮ್ಮನನ್ನು ಗುಡಿಯ ಗೇಟಿನವರೆಗೆ ಬಿಡಲು ಹೋದೆ. ತಮಿಳಿನವರು ತಮ್ಮ ಆರಾಧನೆ ಮುಗಿಸಿ ಹೊರಗೆ ಬರುತ್ತಿದ್ದರು. ತೆಲುಗಿನವರಿಗೆ ಮಧ್ಯಾಹ್ನವಂತೆ. ಕನ್ನಡದವರು ಒಳಗೆ ಹೋಗಲು ಗೋಡೆಗೆ ಒರಗಿ ಕಾಯುತ್ತಿದ್ದರು. ಯಾರೂ ಜಗಳ ಆಡಿರಲಿಲ್ಲ. ಮನೆ ಮನೆಗೆ ಅಲೆದು ಕರೆಯಲು ಆ ವರ್ಷ ಯಾರೂ ಹೊರಟಿರಲಿಲ್ಲ, ಅಷ್ಟೇ.

"ಫ್ಯಾಕ್ಟ್ರಿ ಗೇಟಲ್ಲಿ ಶಿಫ್ಟ್ ಬದಲಾದ ಹಾಗಾಯ್ತಲ್ಲೇ," ಎಂದು ಅಮ್ಮ ಅತ್ತಳು. ತನ್ನ ಬಾಗಿಲು ದಾಟಿಹೋದಾಗ ಅಳದವಳು.

ನಮ್ಮನ್ನು ಬಿಟ್ಟುಕೊಟ್ಟು ಮೇಷ್ಟ್ರು ಉಳಿಸಿಕೊಂಡದ್ದು ಅವರ ಹಿಂದೆ ಒಂದು ವರ್ಷವೂ ಬಾಳಲಿಲ್ಲ. ಆ ಮಧ್ಯಾಹ್ನ ಹಿತ್ತಲಲ್ಲಿ ನನಗೆ ಬೇಕಿದ್ದ ಉತ್ತರ ಈಗ ಇಡೀ ಅಂಗಳದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿತ್ತು. ಅದನ್ನು ಕೇಳಿಸಿಕೊಂಡು, ತಲೆ ತಗ್ಗಿಸಿ, ಸೋತೆ ಎನ್ನಬೇಕಾದ ಒಬ್ಬರೇ ಮನುಷ್ಯ ಇರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಆ ಗೆಲುವನ್ನು ಹಿಡಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಹಬ್ಬದ ದಿನ, ಬಸ್ಸು ಖಾಲಿಯಿತ್ತು.