ಇಳಿಯುವ ದಿಬ್ಬ

ಆಗದ ಮಾತು ಎಂದವಳು ನಮ್ಮ ಸೋದರತ್ತೆ. ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕುಳಿತು, ವೀಳ್ಯದೆಲೆಗೆ ಸುಣ್ಣ ಸವರುತ್ತಾ, ಅಣ್ಣನನ್ನೂ ನನ್ನನ್ನೂ ಒಂದೇ ಉಸಿರಿಗೆ ಮುಗಿಸಿಬಿಟ್ಟಳು. "ಈ ಗುಜರಿ ಗಾಡಿ ಗಾಳೀಲಿ ಹಾರೋದೂ ಇಲ್ಲ, ಈ ಹುಡುಗಿ ಬಿ.ಎ. ಓದೋದೂ ಇಲ್ಲ. ಹೋಗ್ರಪ್ಪ, ಹೋಗಿ ಸೊಪ್ಪು ಕುಯ್ಕೊಂಡು ಬನ್ನಿ."

ನಾನು ಬಿ.ಎ. ಪಾಸಾದವಳು. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ನನಗಿಂತ ಮುಂಚೆ ಹೈಸ್ಕೂಲಿನ ಹೊಸ್ತಿಲು ದಾಟಿದವರಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು. ಆದರೆ ಹೇಳಲು ಹೊರಟಾಗಲೆಲ್ಲ ಕಣ್ಣ ಮುಂದೆ ಮೊದಲು ಬಂದು ನಿಲ್ಲುವುದು ನಮ್ಮ ಹಿತ್ತಿಲಿನ ಎರಡು ಮಣ್ಣಿನ ದಿಬ್ಬಗಳು. ಒಂದು ಹಾರುವ ದಿಬ್ಬ, ಇನ್ನೊಂದು ಇಳಿಯುವ ದಿಬ್ಬ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿನ ಊರು ನಮ್ಮದು. ಮನೆಯಲ್ಲಿ ಅಪ್ಪ, ಅಣ್ಣ, ನಾನು, ಅತ್ತೆ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದವಳು ಅತ್ತೆ. ಅವಳನ್ನು ಕೊಟ್ಟಿದ್ದು ಚಿಂತಾಮಣಿಯ ಆಚೆಗೆ. ಗಂಡ ಹೋದ ಮೇಲೆ ತವರಿಗೆ ವಾಪಸು ಬಂದಿದ್ದಳು. ಅವಳಿಗೆ ಕೋಪ ಬಂದರೆ ಕನ್ನಡ, ಹೆದರಿಕೆಯಾದರೆ ತೆಲುಗು. ಮನೆಯೊಳಗೆ ರೇಷ್ಮೆಹುಳು, ಮನೆಯ ಹಿಂದೆ ಹಿಪ್ಪುನೇರಳೆ ತೋಟ. ಹುಳುವಿನ ಹೊಟ್ಟೆ ತುಂಬಿಸುವುದೇ ನಮ್ಮೆಲ್ಲರ ಕೆಲಸ.

ಅಣ್ಣ ಮಾತ್ರ ಶಿಡ್ಲಘಟ್ಟದ ಸಾಹೇಬರೊಬ್ಬರ ನೂಲು ತೆಗೆಯುವ ಕಾರ್ಖಾನೆಯಲ್ಲಿ ಇಂಜಿನ್ನು ನೋಡಿಕೊಳ್ಳಲು ಹೋಗುತ್ತಿದ್ದ. ಅಲ್ಲಿ ರೇಷ್ಮೆಗೂಡಿನ ಚೀಲಗಳ ಹಿಂದೆ, ಕೋಳಿಗಳು ಕೂರುವುದಕ್ಕೆ ಬಿಟ್ಟರೆ ಇನ್ನು ಯಾವುದಕ್ಕೂ ಬಾರದ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದಂತೆ. ಅಣ್ಣ ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಒಂದು ದಿನ ನಮ್ಮ ಹಿತ್ತಿಲಿಗೇ ಓಡಿಸಿಕೊಂಡು ಬಂದ. ಅತ್ತೆ ಅದಕ್ಕೆ ಡುಬುಡುಬು ಎಂದು ಹೆಸರಿಟ್ಟಳು.

"ಸದ್ದು ಕೇಳಿ ಹಾಲು ಒಡೆದೋಯ್ತು ಕಣೋ."

"ನಿನ್ನ ಬಾಯಿಗೊಂದು ಚಕ್ರ ಹಾಕಿದ್ರೆ ಸಾಕಿತ್ತು ಅತ್ತೆ, ಇಂಜಿನ್ನೇ ಬೇಡ," ಎಂದ ಅಣ್ಣ.

ಅಷ್ಟರಲ್ಲಿ ನನ್ನ ಎಸ್.ಎಸ್.ಎಲ್.ಸಿ. ಮುಗಿಯುತ್ತಾ ಬಂದಿತ್ತು. ಬೆಂಗಳೂರಿನಲ್ಲಿ ಓದಬೇಕು ಎಂದು ನಾನು, ಸಾಕು ಎಂದು ಅಪ್ಪ. ಅಪ್ಪ ಕೂಗಾಡುವವನಲ್ಲ. "ನಮ್ಮೋರು ಅಂತ ಅಲ್ಲಿ ಒಬ್ಬ ಗಂಡಸಿಲ್ಲ. ಯಾರ ನಂಬಿ ಕಳಿಸ್ಲಮ್ಮ?" ಎಂದಷ್ಟೇ ಹೇಳಿ ಸೊಪ್ಪು ಹೆಚ್ಚಲು ಕೂತುಬಿಡುತ್ತಿದ್ದ. ಅದಕ್ಕೆ ಎದುರು ಮಾತಿರಲಿಲ್ಲ.

ಎದುರು ಮಾತು ಹುಡುಕಿದವನು ಅಣ್ಣ. ಸಾಹೇಬರ ಭಾವಮೈದುನ ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ ಕಂಪನಿಯೊಂದರ ಫೋರ್‌ಮನ್ನು. ಹೊಸ ಗಾಡಿಗಳನ್ನು ಹಳ್ಳ ದಿಣ್ಣೆಗಳ ಮೇಲೆ ಓಡಿಸಿ, ಮಣ್ಣಿನ ಗುಡ್ಡೆ ಹತ್ತಿಸಿ ಹಾರಿಸಿ, ಕೆಡವದೆ ಇಳಿಸಿ ಪರೀಕ್ಷೆ ಮಾಡುವ ಹುಡುಗರು ಅವರಿಗೆ ಬೇಕಾಗಿದ್ದರು. ಮುಂದಿನ ಹುಳುವಿನ ಬೆಳೆ ಮುಗಿದ ಮೇಲೆ ಭಾವಮೈದುನನ್ನು ನಮ್ಮ ಹಿತ್ತಿಲಿಗೇ ಕರೆತಂದು ತೋರಿಸುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ಕೆಲಸ ಸಿಕ್ಕರೆ ಅಣ್ಣ ಬೆಂಗಳೂರಿನಲ್ಲಿ ರೂಮು ಮಾಡುತ್ತಾನೆ. ಅಲ್ಲಿಗೆ ನಮ್ಮವರು ಅಂತ ಒಬ್ಬ ಗಂಡಸು ಇದ್ದ ಹಾಗಾಯಿತು.

"ನಾನು ಹಾರಿದ್ರೆ ನೀನು ಓದ್ತೀಯ," ಎಂದ. "ನೆಲ ಬಡಿಯೋಕೆ ಬಾ."

ಹಾಗೆ ಶುರುವಾಯಿತು ದಿಬ್ಬ ಕಟ್ಟುವ ಕೆಲಸ. ತೋಟದ ಬದುವಿನ ಗುಂಟ ಹೋಗಿ, ಹಳೇ ಬಾವಿ ಸುತ್ತಿ, ಹುಣಿಸೆಮರದ ಕೆಳಗೆ ತಿರುಗಿ ಹಿತ್ತಿಲಿಗೆ ಬರುವ ದಾರಿಯನ್ನು ಅಣ್ಣ ಸವರಿ ಇಟ್ಟಿದ್ದ. ಹಾರುವ ದಿಬ್ಬಕ್ಕೆ ಒಣಗಿದ ಕೆರೆಯಿಂದ ಗೋಡುಮಣ್ಣು ಬಂತು. ಅದಕ್ಕೆ ಜಲ್ಲಿ ಕಲಸಿ, ಪದರ ಪದರವಾಗಿ ಹರವಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯಬೇಕು. ಮಣ್ಣಿನ ಮನೆಯ ನೆಲ ಬಡಿಯುವ ಆ ಮರದ ದಿಮ್ಮಸು ನಮ್ಮ ಕಡೆ ಹೆಂಗಸರ ಕೈಯದು. ಬಡಿದೆ. ಅಂಗೈ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ಇಳಿಜಾರು ಅಣ್ಣನ ಲೆಕ್ಕ: ಗದ್ದೆ ಮಟ್ಟ ಮಾಡುವ ಹಲಗೆ ಇಟ್ಟು ನೋಡುವುದು, ಕೆರೆಯುವುದು, ಮತ್ತೆ ನನಗೆ "ಇಲ್ಲಿ ಬಡಿ" ಎನ್ನುವುದು.

ಇಳಿಯುವ ದಿಬ್ಬಕ್ಕೆ ಅವನು ಬೇರೆ ಉಪಾಯ ಮಾಡಿದ. ಹುಳು ತಿಂದು ಬಿಟ್ಟ ಕಡ್ಡಿ, ಹುಳುವಿನ ಹಿಕ್ಕೆ, ಬಾಡಿದ ಸೊಪ್ಪು ಎಲ್ಲವನ್ನೂ ನಾವು ಸುರಿಯುತ್ತಿದ್ದ ತಿಪ್ಪೆ, ಸರಿಯಾಗಿ ಅವನಿಗೆ ಬೇಕಾದ ಜಾಗದಲ್ಲೇ ಎದೆ ಎತ್ತರಕ್ಕೆ ಎದ್ದು ನಿಂತಿತ್ತು.

"ಹಾರೋ ಕಡೆ ಗಟ್ಟಿ ಬೇಕು, ಇಳಿಯೋ ಕಡೆ ಮೆತ್ತಗಿರಬೇಕು ಕಣೇ. ಹುಳಕ್ಕೆ ಹಾಸಿಗೆ ಆದದ್ದು ನನಗಾಗಲ್ವ?"

ಅಪ್ಪನೂ ಬಂದು ನೋಡಿ, ಒಳ್ಳೆ ಯೋಚನೆ ಎಂದ. ತಿಪ್ಪೆಯನ್ನೇ ಓರಣ ಮಾಡಿ, ಮೇಲೊಂದು ಗೇಣು ಮಣ್ಣು ಹೊದಿಸಿ, ಬಡಿದೆವು. ಬಡಿದ ನೆಲವನ್ನು ಸಾರಿಸದೆ ಬಿಟ್ಟರೆ ದರಿದ್ರ ಎಂದು ಅತ್ತೆಯೇ ಸಗಣಿ ಕಲಸಿಕೊಂಡು ಬಂದು ಸಾರಿಸಿದಳು. "ಹಾರಲ್ಲ ಅಂದ್ಯಲ್ಲ, ಮತ್ತೆ ಯಾಕೆ ಸಾರಿಸ್ತೀಯ?" ಎಂದು ಅಣ್ಣ ಕೆಣಕಿದ್ದಕ್ಕೆ, "ಬೀಳೋನು ನೀಟಾಗಿರೋ ಜಾಗದಲ್ಲಿ ಬೀಳಲಿ ಅಂತ," ಎಂದಳು. ಆ ಮಾತಿಗೆ ನಾವೆಲ್ಲ ನಕ್ಕೆವು.

ಹಾರಿದ. ಅತ್ತೆಯ ಒಂದು ಮಾತು ಆವತ್ತೇ ಸುಳ್ಳಾಯಿತು. ಹುಣಿಸೆಮರದ ಕಡೆಯಿಂದ ಸದ್ದು ಬರುತ್ತದೆ, ದಿಬ್ಬ ಹತ್ತುತ್ತದೆ, ಆಮೇಲೆ ಒಂದು ಗಳಿಗೆ ಸದ್ದೇ ಬೇರೆಯಾಗುತ್ತದೆ. ನೆಲ ಬಿಟ್ಟ ಚಕ್ರ ಖಾಲಿ ತಿರುಗುವ ಸದ್ದು. ಅದು ಕೇಳಿದ ತಕ್ಷಣ ಬಾಗಿಲಲ್ಲಿ ನಿಂತ ಅತ್ತೆ ಸೆರಗೆಳೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ದಿಗಿನಾಡಾ?" ಎಂದು ನನ್ನನ್ನು ಕೇಳುತ್ತಿದ್ದಳು, ಇಳಿದನಾ ಅಂತ. ಧಪ್ಪೆಂದು ಗಾಡಿ ಕುಳಿತು, ದಿಬ್ಬ ಒಂದಿಷ್ಟು ತಗ್ಗಿ ಎದ್ದು, ಅವನು ಕೆಳಕ್ಕೆ ಜಾರಿದ ಮೇಲೆ ನಾನು "ದಿಗಿನಾಡು ಅತ್ತಾ" ಎನ್ನಬೇಕು, ಇಳಿದ ಅಂತ. ಆಮೇಲೇ ಅವಳು ಸೆರಗು ತೆಗೆಯುವುದು. ಅವನು ಹಾರಿದ್ದನ್ನಾಗಲಿ ಇಳಿದದ್ದನ್ನಾಗಲಿ ಅವಳು ಒಂದು ಸಲವೂ ನೋಡಲಿಲ್ಲ.

ಅಷ್ಟರಲ್ಲಿ ಹೊಸ ಹುಳು ಮನೆಗೆ ಬಂತು. ಹುಳು ಇರುವ ಮನೆಯಲ್ಲಿ ಒಗ್ಗರಣೆ ಘಾಟೂ ಕೂಡದು. ಇನ್ನು ಪೆಟ್ರೋಲಿನ ವಾಸನೆಯ ಮಾತೇ ಇಲ್ಲ. ಗೂಡು ಸಂತೆಗೆ ಹೋಗುವವರೆಗೆ ಗಾಡಿ ಚಾಲೂ ಮಾಡಬಾರದು ಎಂದು ಅಪ್ಪ ಕಟ್ಟು ಹಾಕಿದ. ಅಣ್ಣ ಒಪ್ಪಿದ. ಗಾಡಿಗೆ ಗೋಣಿತಟ್ಟು ಹೊದಿಸಿ ಹುಣಿಸೆಮರದ ಕೆಳಗೆ ನಿಲ್ಲಿಸಿದ. ದಿಬ್ಬಗಳು ಬಿಸಿಲಿಗೆ ಒಣಗಿ ಮನೆಯ ಪಡಸಾಲೆಯ ಹಾಗೆ ನುಣ್ಣಗಾದವು.

ಅದು ಚಳಿಗಾಲ. ನಮ್ಮ ನಾಯಿ ದಿನಾ ಒಲೆಯ ಬೂದಿಯಲ್ಲಿ ಮಲಗುತ್ತಿದ್ದದ್ದು, ಆ ವರ್ಷ ಇಳಿಯುವ ದಿಬ್ಬದ ಮೇಲೆ ಹೋಗಿ ಮಲಗಲು ಶುರುಮಾಡಿತು. ಬೆಳಿಗ್ಗೆ ಸೊಪ್ಪಿಗೆ ಹೋಗುವಾಗ ಅದರ ಸುತ್ತ ತೆಳ್ಳಗೆ ಹಬೆಯಾಡುತ್ತಿತ್ತು. "ನಾಯಿಗಿರೋ ಬುದ್ಧಿ ನಿಮಗಿಲ್ಲ, ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಮಲಗಿದೆ ನೋಡು," ಎನ್ನುತ್ತಿದ್ದಳು ಅತ್ತೆ. ನಾವೆಲ್ಲ ನೋಡಿದೆವು. ಬಿಸಿಯೇರಿದ ತಿಪ್ಪೆ ಒಳಗೊಳಗೇ ಕರಗುತ್ತದೆ, ಕುಸಿಯುತ್ತದೆ ಎಂಬುದು ಹುಳು ಸಾಕುವ ಮನೆಯ ಎಳೆಮಕ್ಕಳಿಗೂ ಗೊತ್ತು. ಆದರೆ ಬಡಿದು ಸಗಣಿ ಸಾರಿಸಿದ ಮೇಲೆ ನಮ್ಮ ಕಣ್ಣಿಗೆ ಅದು ತಿಪ್ಪೆಯಾಗಿ ಕಾಣುತ್ತಲೇ ಇರಲಿಲ್ಲ. ನೆಲವಾಗಿಬಿಟ್ಟಿತ್ತು. ನಮ್ಮ ನಾಲ್ವರಲ್ಲಿ ಒಬ್ಬರೂ ಅದನ್ನು ಮತ್ತೆ ತಿಪ್ಪೆ ಎಂದು ಕರೆಯಲಿಲ್ಲ.

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಮಾರನೆಯ ದಿನ ಸಾಹೇಬರ ಭಾವಮೈದುನ ಬರುವವನಿದ್ದ. ಆವತ್ತೇ ಸಂಜೆ, ಬಿಸಿಲಿರುವಾಗಲೇ ಅಣ್ಣ ಗೋಣಿತಟ್ಟು ತೆಗೆದ. "ಒಂದೇ ಸಲ, ಕೈ ಮರೆತಿದೆಯೇನೋ ನೋಡ್ತೀನಿ," ಎಂದ. ಸದ್ದು ಹುಣಿಸೆಮರದಿಂದ ಬಂತು, ದಿಬ್ಬ ಹತ್ತಿತು, ಬೇರೆಯಾಯಿತು. ಅತ್ತೆ ಸೆರಗೆಳೆದುಕೊಂಡಳು.

"ದಿಗಿನಾಡಾ?"

ಧಪ್ಪೆನ್ನಲಿಲ್ಲ. ಒಣಗಿದ ಸೋರೆಬುರುಡೆಯ ಮೇಲೆ ಕಾಲಿಟ್ಟಂಥ ಸದ್ದು. ಮುಂದಿನ ಚಕ್ರ ಪೂರ್ತಿ ಒಳಗೆ ಹೋಗಿ, ಗಾಡಿ ನಿಂತಲ್ಲೇ ನಿಂತು, ಹ್ಯಾಂಡಲ್ಲಿನ ತುದಿ ಅವನ ಹೊಟ್ಟೆಗೆ ಹೊಡೆಯಿತು. ತೂತಿನಿಂದ ಹಬೆ ಎದ್ದಿತು. ನಾನು ಏನೂ ಹೇಳಲಿಲ್ಲ.

ಅವನು ತಾನೇ ಎದ್ದ. ಪಂಚೆ ಕೊಡವಿಕೊಂಡ. "ಹಾಸಿಗೆ ಜಾಸ್ತಿನೇ ಮೆತ್ತಗಾಗಿದೆ," ಎಂದು ನಕ್ಕ. ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದ. ಬೆಳಿಗ್ಗೆ ಬೇಗ ಎದ್ದು ತುಂಬಿ ಬಡಿಯೋಣ, ಅವರು ಬರೋ ಹೊತ್ತಿಗೆ ಒಣಗುತ್ತೆ ಎಂದ. ಮೈಮೇಲೆ ಗಾಯವೇ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತು. ಅಪ್ಪ ಎತ್ತಿನ ಗಾಡಿ ಹೂಡಿದ. ಶಿಡ್ಲಘಟ್ಟದ ರೈಲ್ವೆ ಗೇಟು ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು.

ಸಾಹೇಬರು ಬಂದರು. ಹಿತ್ತಿಲಿಗೆ ಹೋಗಿ ದಿಬ್ಬದ ತೂತು ನೋಡಿ ಬಂದು, "ಹುಡುಗ ನಮ್ಮ ಮಗ ಇದ್ದಂಗೆ ಇದ್ದ ಅಮ್ಮಾ," ಎಂದು ಅತ್ತೆಗೆ ಹೇಳಿದರು. ಮೋಟಾರ್ ಸೈಕಲನ್ನು ಎತ್ತಿನ ಗಾಡಿಯ ಮೇಲೆ ಹಾಕಿ, ಹೆಣಕ್ಕೆ ಹೊದಿಸುವ ಹಾಗೆ ಗೂಡು ಮೂಟೆ ಕಟ್ಟುವ ಬಟ್ಟೆ ಹೊದಿಸಿ ತೆಗೆದುಕೊಂಡು ಹೋದರು.

ಸದ್ದು ಮಾತ್ರ ಹೋಗಲಿಲ್ಲ. ಚಿಂತಾಮಣಿ ರಸ್ತೆಯಲ್ಲಿ ಯಾವ ಲಾರಿ ಏರು ಹತ್ತಿದರೂ ಅತ್ತೆಯ ಕೈ ಸೆರಗಿಗೆ ಹೋಗುತ್ತಿತ್ತು. "ದಿಗಿನಾಡಾ?" ಎಂದು ಯಾರನ್ನೋ ಕೇಳುತ್ತಿದ್ದಳು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾನು ಉತ್ತರ ಕೊಡಲು ಬಾಯಿ ತೆರೆಯುತ್ತಿದ್ದೆ, ಬರುತ್ತಿರಲಿಲ್ಲ. ಯಾವ ಕಸದ ಗುಡ್ಡೆ ಕಂಡರೂ ಅವಳು ಬಗ್ಗಿ ಅಂಗೈ ಇಟ್ಟು ಬಿಸಿ ನೋಡುತ್ತಿದ್ದಳು. ಹುಳು ಸೊಪ್ಪು ತಿನ್ನುವ ಸದ್ದನ್ನು ಎಲ್ಲರೂ ಮಳೆ ಎನ್ನುತ್ತಾರೆ. ನನಗದು ನೆಲ ಬಿಟ್ಟು ಖಾಲಿ ತಿರುಗುವ ಚಕ್ರದ ಸದ್ದೇ ಆಯಿತು, ಇವತ್ತಿಗೂ.

ಆ ದಿಬ್ಬದ ಗೊಬ್ಬರವನ್ನು ತೋಟಕ್ಕೆ ಹಾಕಲು ಅಪ್ಪನ ಕೈ ಬರಲಿಲ್ಲ. ನನಗೆ ಅದರ ತೂತು ನೋಡಲಾಗುತ್ತಿರಲಿಲ್ಲ. ಮಣ್ಣು ತಂದು ತುಂಬಿದೆ, ನೀರು ಚಿಮುಕಿಸಿದೆ, ಬಡಿದೆ. ಕೆಲವು ದಿನಕ್ಕೆ ಅದು ಮತ್ತೆ ಕುಸಿಯಿತು. ಮತ್ತೆ ತುಂಬಿ ಬಡಿದೆ. ಪರೀಕ್ಷೆ ಬಂತು, ಪಾಸಾದೆ, ಫಲಿತಾಂಶ ಬಂದ ದಿನವೂ ಸಂಜೆ ದಿಮ್ಮಸು ಹಿಡಿದಿದ್ದೆ. ಮಳೆ ಬಿದ್ದ ಮೇಲೆ ಅಂಚಿನಲ್ಲಿದ್ದ ಕಡ್ಡಿಗಳು ಚಿಗುರಿ ಹಸಿರೆಲೆ ಬಿಟ್ಟವು. ಆ ಸೊಪ್ಪನ್ನು ನಾವು ಯಾರೂ ಕುಯ್ಯಲಿಲ್ಲ.

ಒಂದು ಸಂಜೆ ನಾನು ಬಡಿಯುತ್ತಿರುವಾಗ ಬಾಗಿಲಲ್ಲಿ ಅತ್ತೆ ಅಪ್ಪನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಇವಳನ್ನ ಬೆಂಗಳೂರಿಗೆ ಕಳಿಸು."

"ಅಲ್ಲಿ ಯಾರಿದಾರೆ ಅಕ್ಕಯ್ಯ, ನಮ್ಮೋರು?"

"ಇಲ್ಲಿ ಯಾರಿದಾರೆ? ಇಲ್ಲೇ ಇಟ್ಕೊಂಡ್ರೆ ಆ ದಿಬ್ಬಕ್ಕೇ ಕೊಟ್ಟು ಮದುವೆ ಮಾಡ್ಬೇಕಾಗುತ್ತೆ. ನಾನು ಹೇಳ್ತಿದೀನಿ, ಕಳಿಸು."

ಅಪ್ಪ ಆಗಲೂ ಕೂಗಾಡಲಿಲ್ಲ. ಕುಳಿತು ಸೊಪ್ಪು ಹೆಚ್ಚಿದ. ಬೆಳಿಗ್ಗೆ ನನ್ನ ಟ್ರಂಕು ಎತ್ತಿ ಹೊರಗಿಟ್ಟ.

ಚಿಕ್ಕ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಹಾಸ್ಟೆಲಿನಲ್ಲಿ ನನ್ನ ಸೀರೆಗಳಿಗೆ ಹುಳದ ವಾಸನೆ ಎಂದು ಹುಡುಗಿಯರು ಮೂಗು ಮುಚ್ಚಿಕೊಂಡರು. ಇಂಗ್ಲಿಷಿನಲ್ಲಿ ಫೇಲಾದೆ, ಮತ್ತೆ ಕಟ್ಟಿದೆ. ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದಾಗ, ಕಾಲ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ಹಿಮ್ಮಡಿಯಿಂದ ಒತ್ತಿ ನೋಡುವ ಚಾಳಿ ಬಂದುಬಿಟ್ಟಿತ್ತು. ರಜೆಗೆ ಊರಿಗೆ ಬಂದರೆ ಹುಳುವಿನ ಕೆಲಸ, ಮಧ್ಯೆ ಪುಸ್ತಕ. ಯಾರ ಹೆಗಲ ಮೇಲೂ ಕುಳಿತು ನಾನು ದಾಟಲಿಲ್ಲ. ಬಡಿದೆ, ಕುಸಿಯಿತು, ಮತ್ತೆ ಬಡಿದೆ. ಅಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಪದವಿಯ ಸರ್ಟಿಫಿಕೇಟನ್ನು ದಿಂಬಿನ ಚೀಲದೊಳಗೆ ಇಟ್ಟುಕೊಂಡು ಊರಿಗೆ ತಂದೆ. ಅಪ್ಪ ಅದನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ನೋಡಿ, "ಹಿತ್ತಿಲಲ್ಲಿದಾಳೆ, ಹೋಗಿ ಕೊಡು," ಎಂದ.

ಅತ್ತೆ ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದು ದಿಬ್ಬದ ಮೇಲಿನ ಹಸಿರು ಮಾತ್ರ ಮಬ್ಬಾಗಿ ಕಾಣುತ್ತಿತ್ತು ಅವಳಿಗೆ. ನಾನು ಹತ್ತಿರ ಕುಳಿತು, "ಬಿ.ಎ. ಆಯ್ತು ಅತ್ತೆ. ಆಗಲ್ಲ ಅಂದಿದ್ಯಲ್ಲ," ಎಂದು ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ.

ಅವಳು ಅದನ್ನು ಮಡಿಲಲ್ಲಿ ಹಾಸಿಕೊಂಡಳು. ಎಲ್ಲ ಗುಡ್ಡೆಗಳ ಮೇಲೆ ಇಡುತ್ತಿದ್ದ ಹಾಗೆಯೇ ಅದರ ಮೇಲೂ ಅಂಗೈ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಏರು ಹತ್ತುತ್ತಿತ್ತು. ಅವಳ ಕೈ ಸೆರಗಿಗೆ ಹೋಗಲಿಲ್ಲ. ದಿಬ್ಬದ ಕಡೆಗೆ ಮುಖ ಮಾಡಿ, ಇಷ್ಟು ವರ್ಷ ನಾನು ಹೇಳಲಾರದೆ ಹೋದದ್ದನ್ನು ಅವಳೇ ಹೇಳಿದಳು.

"ದಿಗಿನಾಡು," ಎಂದಳು. "ಬಿಡು, ನಿಮ್ಮಣ್ಣ ದಿಗಿನಾಡು."